ಹೊಗೆ ಯಾರ ಕಾಲ್ಗುಣ?

"ಬುದ್ಧಿ, ಒಬ್ಬನಿಂದ ಕೇಡಾಯಿತು ಎಂದು ಎಲ್ಲರೂ ಹೇಳುವಾಗ, ಅವನು ತಲೆತಗ್ಗಿಸಿ ಒಪ್ಪಿಕೊಂಡು ಹೊರಟುಬಿಡುವುದು ವಿನಯವಲ್ಲವೇ?"

ಕೇಳಿದವನು ನಿರ್ವಾಣಯ್ಯ. ಮಠಕ್ಕೆ ಸೇರಿ ಇನ್ನೂ ವರ್ಷ ತುಂಬದ ಶಿಷ್ಯ. ಆ ವಾರ ಮಠದ ಗಬ್ಬದ ಹಸು ದಿನ ತುಂಬುವ ಮೊದಲೇ ಕಂದು ಹಾಕಿತ್ತು. ಅದಕ್ಕೆ ನಿರ್ವಾಣಯ್ಯನ ಕಾಲ್ಗುಣವೇ ಕಾರಣ ಎಂದು ಹಿರಿಯ ಶಿಷ್ಯರು ತಮ್ಮತಮ್ಮಲ್ಲೇ ಮಾತಾಡಿಕೊಂಡರು. ತಮ್ಮತಮ್ಮಲ್ಲೇ ಎಂದರೆ ಅವನ ಕಿವಿಗೆ ಬೀಳುವಷ್ಟು ಗಟ್ಟಿಯಾಗಿ. ಅವನಿಗೆ ಮಠ ಬಿಡುವ ಮನಸ್ಸಿರಲಿಲ್ಲ. ಆದರೂ ಬಿಡುವುದೇ ಸರಿ ಎಂದು ತೀರ್ಮಾನಿಸಿ ಗುರುಗಳ ಅಪ್ಪಣೆ ಕೇಳಲು ಬಂದಿದ್ದ.

ಗುರುಗಳು ಅಪ್ಪಣೆ ಕೊಡಲಿಲ್ಲ. "ಕೂತುಕೋ. ದಾರಿ ಎಲ್ಲಿಗೂ ಓಡಿಹೋಗುವುದಿಲ್ಲ" ಎಂದು ಹೇಳಿ ಕತೆ ತೆಗೆದರು.

ಒಬ್ಬ ರೈತನಿದ್ದ. ಅವನಿಗೆ ಒಬ್ಬನೇ ಮಗ. ಮಗನಿಗೆ ಮದುವೆಯಾಯಿತು, ಸೊಸೆ ಮನೆ ತುಂಬಿದಳು. ಹೊಸ್ತಿಲ ಮೇಲಿಟ್ಟ ಸೇರಕ್ಕಿಯನ್ನು ಬಲಗಾಲಿನಲ್ಲೇ ಒದ್ದು ಒಳಗೆ ಬಂದಳು. ಆ ಬಗ್ಗೆ ಯಾರ ತಕರಾರೂ ಇರಲಿಲ್ಲ. ಮರುದಿನ ಬೆಳಿಗ್ಗೆ ಅವಳ ಕೈಯಿಂದ ಒಲೆ ಹಚ್ಚಿಸಿದರು. ಒಲೆ ಹತ್ತಿತು, ಆದರೆ ಹೊಗೆ ಹೊರಗೆ ಹೋಗಲಿಲ್ಲ. ಅಡುಗೆಮನೆ ತುಂಬಿ, ನಡುಮನೆಗೆ ಬಂದು, ದೇವರ ಗೂಡಿನ ಮುಂದೆಯೂ ನಿಂತಿತು.

ಮೊದಲು ಸೌದೆ ಹಸಿ ಎಂದರು. ಒಣಸೌದೆ ತಂದರು. ಹೊಗೆ ನಿಲ್ಲಲಿಲ್ಲ. ಬೂದಿ ತುಂಬಿದೆ ಎಂದರು. ಬೂದಿ ಬಳಿದು ಹಾಕಿದರು. ಆಗಲೂ ನಿಲ್ಲಲಿಲ್ಲ. ಅತ್ತೆಗೆ ಕಣ್ಣುರಿ, ಮಾವನಿಗೆ ಕೆಮ್ಮು. ಮುದ್ದೆ ಬಾಯಿಗಿಟ್ಟರೆ ಹೊಗೆಯ ವಾಸನೆ. ಒಲೆಗೆ ಅರಿಸಿನ ಕುಂಕುಮ ಹಚ್ಚಿದರು, ಹಾಲು ಉಕ್ಕಿಸಿದರು, ನಿಂಬೆಹಣ್ಣು ನಿವಾಳಿಸಿ ಬೀದಿಗೆ ಎಸೆದರು. ಒಲೆ ಇದ್ಯಾವುದಕ್ಕೂ ಕಿವಿಗೊಡಲಿಲ್ಲ.

ಆಮೇಲೆ ಅತ್ತೆ ಯೋಚಿಸಿದಳು. ಸೊಸೆ ಬರುವ ಮೊದಲು ಹೊಗೆ ಇರಲಿಲ್ಲ. ಸೊಸೆ ಬಂದಳು, ಹೊಗೆ ಬಂತು. ಇದರಲ್ಲಿ ಸುಳ್ಳೇನೂ ಇರಲಿಲ್ಲ, ನೋಡು. ಕಷ್ಟವಿರುವುದೇ ಅಲ್ಲಿ. ಪೂರ್ತಿ ಸುಳ್ಳಾಗಿದ್ದರೆ ತಳ್ಳಿಹಾಕುವುದು ಸುಲಭವಾಗುತ್ತಿತ್ತು.

ಕಾಲ್ಗುಣ ಎಂಬ ಮಾತು ಅಡುಗೆಮನೆಯಲ್ಲಿ ಹುಟ್ಟಿ, ಜಗಲಿಗೆ ಬಂದು, ಅಲ್ಲಿಂದ ಬಾವಿಕಟ್ಟೆಗೆ ಹೋಯಿತು. ಹೊಗೆಗೆ ಹೊರಗೆ ಹೋಗುವ ದಾರಿ ಸಿಕ್ಕದಿದ್ದರೂ ಆ ಮಾತಿಗೆ ಸಿಕ್ಕಿತು. ನೀರು ಸೇದಲು ಹೋದರೆ ಹೆಂಗಸರು ಅವಳ ಮುಖ ನೋಡದೆ ಪಾದ ನೋಡತೊಡಗಿದರು. ಕೊನೆಗೆ ಒಂದು ದಿನ ಮಾವ ಅವಳನ್ನು ಕರೆದು, ಕೆಲವು ದಿನ ತವರಿನಲ್ಲಿ ಇದ್ದು ಬಾ ತಾಯಿ ಎಂದ. ದನಿ ಮೃದುವಾಗಿಯೇ ಇತ್ತು. ಎಷ್ಟು ದಿನ ಎಂದು ಮಾತ್ರ ಅವನು ಹೇಳಲಿಲ್ಲ. ಕಾಲ್ಗುಣ ಕೆಟ್ಟದ್ದೆಂದು ಕಳಿಸಿದ ಸೊಸೆಯನ್ನು ಮರಳಿ ಕರೆಯಲು ಯಾರೂ ಬರುವುದಿಲ್ಲ. ಇದು ಅವಳಿಗೆ ಗೊತ್ತಿತ್ತು. ಈ ಹೊಸ್ತಿಲು ದಾಟಿದರೆ ಗಂಡನೂ ಹೋದ, ಮನೆಯೂ ಹೋಯಿತು, ತವರಿನಲ್ಲಿ ತಲೆಯೆತ್ತುವುದೂ ಹೋಯಿತು. ಅವಳು ಗಂಡನ ಮುಖ ನೋಡಿದಳು. ಅವನು ಸೂರು ನೋಡುತ್ತಿದ್ದ.

ಅವಳಿಗೆ ಅಳು ಬರಲಿಲ್ಲ. ಸಿಟ್ಟು ಬಂತು. ಬರಬೇಕಾದ ಹೊತ್ತಿಗೆ ಬಂದ ಸಿಟ್ಟನ್ನು ನಾನಂತೂ ದೋಷವೆನ್ನುವುದಿಲ್ಲ.

"ನಾನು ಒಲೆ ಹಚ್ಚೋದು ಕೈಯಿಂದ ಮಾವ, ಕಾಲಿಂದಲ್ಲ" ಎಂದಳು. "ಆದರೂ ನಿಮ್ಮ ಮಾತೇ ಇರಲಿ. ನಾನು ಹೋಗಿ ಬೀದೀಲಿ ನಿಂತ್ಕೋತೀನಿ. ಅತ್ತೆ ಒಲೆ ಹಚ್ಚಲಿ. ಹೊಗೆ ಬರದೇ ಇದ್ರೆ ಅಲ್ಲಿಂದಲೇ ತವರಿಗೆ ನಡೀತೀನಿ. ಒಳಗೆ ಬಂದು ಸೀರೆಗಂಟೂ ತಗೊಳ್ಳಲ್ಲ."

ಹಾಗೆಯೇ ಆಗಲೆಂದರು. ಅವಳು ಬೀದಿಯಲ್ಲಿ ನಿಂತಳು. ಅತ್ತೆ ಒಲೆ ಹಚ್ಚಿದಳು. ಹೊಗೆ ಬಂತು. ಇದು ಯಜಮಾನಿಯ ಕೈ ಎಂದು ಅದು ದಾಕ್ಷಿಣ್ಯವೇನೂ ತೋರಿಸಲಿಲ್ಲ. ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ ಹೊರಗೆ ಬಂದು, "ಕಾಲಿಟ್ಟದ್ದು ಇಟ್ಟಾಯ್ತಲ್ಲ, ಇನ್ನು ಬೀದೀಲಿ ನಿಂತರೇನು, ಬಾವೀಲಿ ನಿಂತರೇನು?" ಎಂದಳು.

ಸೊಸೆ ಒಳಗೆ ಹೋದಳು. ಒಲೆಯೊಳಗಿನ ಸೌದೆಯನ್ನೇ ಎಳೆದು ತಂದು, ಅಂಗಳದಲ್ಲಿ ಮೂರು ಕಲ್ಲಿಟ್ಟು, ತಾನೇ ಬೆಂಕಿ ಮಾಡಿದಳು. ಉರಿ ಚೆನ್ನಾಗಿ ಎದ್ದಿತು. ಹೊಗೆ ನೆಟ್ಟಗೆ ಮೇಲೆ ಹೋಯಿತು. ಸೌದೆ ಅದೇ, ಕೈ ಅದೇ, ಕಾಲೂ ಅದೇ. ಹಾಗಾದರೆ ಕೆಟ್ಟಿರುವುದು ಒಲೆ ಎಂದು ಅವಳಿಗೆ ತೋಚಿತು. ಸರಸರನೆ ಒಳಗೆ ಬಂದು, "ಈ ಒಲೆ ಕಿತ್ತು ಹಾಕಿ ಬೇರೆ ಒಲೆ ಹೂಡೋಣ" ಎಂದಳು.

ಮನೆಯಲ್ಲಿ ಸಿಡಿಲು ಬಡಿದಂತಾಯಿತು. ಬೇರೆ ಒಲೆ ಹೂಡುವುದು ಎಂದರೆ ನಮ್ಮ ಕಡೆ ಏನೆಂದು ನಿನಗೆ ಗೊತ್ತಲ್ಲ. ಮಗ ಅಪ್ಪನಿಂದ ಪಾಲು ತೆಗೆದುಕೊಂಡು ಬೇರೆಯಾಗುವುದು. ಅವಳು ಆಡಿದ್ದು ಮಣ್ಣು ಇಟ್ಟಿಗೆಯ ಮಾತು. ಅವರಿಗೆ ಕೇಳಿಸಿದ್ದು ಮನೆ ಒಡೆಯುವ ಮಾತು. ಅತ್ತೆ ಎದೆ ಬಡಿದುಕೊಂಡಳು. ಹೊಗೆ ತಂದದ್ದು ಸಾಲದೆಂದು ಈಗ ಮಗನನ್ನೇ ಕಿತ್ತುಕೊಳ್ಳಲು ಹೊರಟಳಲ್ಲ ಎಂದು ಮಾವ ಕೂಗಾಡಿದ. ಅಷ್ಟು ದಿನ ಸೂರು ನೋಡುತ್ತಿದ್ದ ಗಂಡನೂ ಬಾಯಿಬಿಟ್ಟು, "ಅಪ್ಪನಿಂದ ನನ್ನನ್ನ ಬೇರೆ ಮಾಡಬೇಡ" ಎಂದ. ಅವಳ ಪರವಾಗಿ ಒಂದು ಮಾತೂ ಆಡದಿದ್ದವನು ಈಗ ಬಾಯಿಬಿಟ್ಟದ್ದು ಇದಕ್ಕೆ. ಅದು ಅವಳಿಗೆ ಅತ್ತೆಯ ಬೈಗುಳಕ್ಕಿಂತ ಹೆಚ್ಚು ನೋವು ಕೊಟ್ಟಿತು.

"ನಾನು ಕೇಳಿದ್ದು ಒಲೆ. ಪಾಲಲ್ಲ" ಎಂದು ಹೇಳಿ ಮೂಲೆಯಲ್ಲಿದ್ದ ಹಾರೆ ತೆಗೆದುಕೊಂಡಳು. ಒಲೆಗೆ ಕೈಮುಗಿದಳು. ಆಮೇಲೆ ಮೀಟಿದಳು.

ಇಲ್ಲಿ ಅವಳು ತಪ್ಪಿದಳು. ಒಲೆಯಲ್ಲಿ ಏನೂ ಕೆಟ್ಟಿರಲಿಲ್ಲ. ಹೆಗ್ಗಣ ಕೊರೆದಿರಲಿಲ್ಲ, ಗೋಡೆ ಬಿರಿದಿರಲಿಲ್ಲ, ಒಳಗೆ ಏನೂ ಸಿಕ್ಕಿಕೊಂಡಿರಲಿಲ್ಲ. ಹಿರಿಯರ ಕಾಲದ ಗಟ್ಟಿ ಒಲೆ ಮಣ್ಣಿನ ಗುಡ್ಡೆಯಾಗಿ ಬಿದ್ದಿತು. ಹೊಗೆಯ ಕಾರಣ ಸಿಗಲಿಲ್ಲ, ಅಡುಗೆಗೆ ಒಲೆಯೂ ಉಳಿಯಲಿಲ್ಲ. ಅತ್ತೆ ಸೊಂಟದ ಮೇಲೆ ಕೈಯಿಟ್ಟು, "ಈಗ ಸಮಾಧಾನ ಆಯ್ತಾ?" ಎಂದಳು.

ಬೇರೆ ಯಾರಾದರೂ ಆಗಿದ್ದರೆ ಅಲ್ಲಿಗೆ ಕೈಚೆಲ್ಲುತ್ತಿದ್ದರು. ಆದರೆ ಒಂದು ವಿವೇಕ ಅವಳಿಗಿತ್ತು. ಒಲೆಯ ವಿಷಯದಲ್ಲಿ ನಾನು ತಪ್ಪಿದೆ ಎಂದ ಮಾತ್ರಕ್ಕೆ ಕಾಲಿನ ವಿಷಯದಲ್ಲಿ ಇವರು ಸರಿಯಾಗಿಬಿಡುವುದಿಲ್ಲ ಎಂದು ಅವಳು ಅಂದುಕೊಂಡಳು. ದೊಡ್ಡ ದೊಡ್ಡವರಿಗೂ ಆ ಹೊತ್ತಿನಲ್ಲಿ ಇದು ಹೊಳೆಯುವುದಿಲ್ಲ.

ಅವಳು ಒಲೆಯಿದ್ದ ಜಾಗದಲ್ಲೇ ಒಂದು ಹಿಡಿ ಹುಲ್ಲು ಹೊತ್ತಿಸಿದಳು. ಇಷ್ಟು ದಿನ ಎಲ್ಲರೂ ಬೆಂಕಿಯನ್ನು ನೋಡಿದ್ದರು, ಅವಳ ಕೈಯನ್ನು ನೋಡಿದ್ದರು, ಕಾಲನ್ನು ನೋಡಿದ್ದರು. ಈ ಸಲ ಅವಳು ಹೊಗೆಯನ್ನು ನೋಡಿದಳು. ಹೊಗೆ ಗೋಡೆ ಹಿಡಿದು ಮೇಲೇರಿತು. ಸೂರಿನ ಹತ್ತಿರ ಒಂದು ಕಡೆ, ಬೀಗ ಹಾಕಿದ ಮನೆಯ ಮುಂದೆ ನೆಂಟರು ನಿಂತ ಹಾಗೆ ನಿಂತಿತು. ಸ್ವಲ್ಪ ಹೊತ್ತು ಕಾದು ಹಿಂದಕ್ಕೆ ತಿರುಗಿತು. ಅವಳು ಏಣಿ ಹಾಕಿ ಹತ್ತಿ, ಹಾರೆಯ ಹಿಂಬದಿಯಿಂದ ಅಲ್ಲಿ ಗೋಡೆ ಬಡಿದಳು. ಬೇರೆ ಕಡೆಯೆಲ್ಲ ಗಟ್ಟಿ ಸದ್ದು. ಅಲ್ಲಿ ಮಾತ್ರ ಟೊಳ್ಳು.

"ಅಲ್ಲಿ ಮುಟ್ಟಬೇಡ, ಸುಣ್ಣ ಹೋಗುತ್ತೆ!" ಎಂದು ಮಾವ ಕೂಗಿದ. ಕೂಗಿದ ಮೇಲೆ ಅವನಿಗೇ ನೆನಪಾಯಿತು.

ಅಲ್ಲಿ ಮೊದಲು ಹೊಗೆಗಂಡಿ ಇತ್ತು. ಅದರಿಂದ ಇಳಿದ ಮಸಿ ಹೊರಗೋಡೆಯ ಮೇಲೆ ಉದ್ದಕ್ಕೆ ಪಟ್ಟೆ ಕಟ್ಟಿತ್ತು. ಮದುವೆಗೆ ಬೀಗರು ಬರುತ್ತಾರೆ, ಮಸಿ ಹಿಡಿದ ಗೋಡೆ ಕಂಡು ನಮ್ಮನ್ನು ಏನೆಂದುಕೊಂಡಾರು ಎಂದು ಮಾವ ಆ ಗಂಡಿಗೆ ಮಣ್ಣು ಮೆತ್ತಿಸಿ, ಒಳಗೂ ಹೊರಗೂ ಸುಣ್ಣ ಬಳಿಸಿದ್ದ. ಮದುವೆಯ ಅಡುಗೆಯೆಲ್ಲ ಹೊರಗೆ ಚಪ್ಪರದ ಕೆಳಗೆ ನಡೆದಿತ್ತು. ಒಳಗಿನ ಒಲೆ ಮತ್ತೆ ಹೊತ್ತಿದ್ದು ಸೊಸೆ ಬಂದ ಮೇಲೆಯೇ. ಗಡಿಬಿಡಿಯಲ್ಲಿ ಅತ್ತೆ ಗಂಡಿಯನ್ನು ಗಮನಿಸಿರಲಿಲ್ಲ, ಮಾವ ಮರೆತಿದ್ದ. ಶುಭಕಾರ್ಯಕ್ಕೆಂದು ಮಾಡಿದ ಕೆಲಸದಿಂದ ಕೇಡು ಬಂದೀತೆಂದು ಯಾರು ತಾನೇ ಎಣಿಸುತ್ತಾರೆ? ಆ ಮನೆಗೆ ಹೊಸದಾಗಿ ಬಂದದ್ದು ಸುಣ್ಣ ಮತ್ತು ಸೊಸೆ. ಸುಣ್ಣದ ಮೇಲೆ ಯಾರಿಗೂ ಅನುಮಾನ ಬರಲಿಲ್ಲ.

ಅವಳು ಹಾರೆ ತಿರುಗಿಸಿ ಚುಚ್ಚಿದಳು. ಮಣ್ಣು ಉದುರಿತು. ಹೊಗೆ ಹೊರಗೆ ಹೋಯಿತು.

ಗಂಡನೇ ಮಣ್ಣು ಕಲಸಿ ಅದೇ ಜಾಗದಲ್ಲಿ ಒಲೆ ಹೂಡಿಕೊಟ್ಟ. ಒಣಗಿದ ಮೇಲೆ ಒಲೆ ಹಚ್ಚಿದರು. ಯಾರಿಗೂ ಕಣ್ಣುರಿಯಲಿಲ್ಲ. ತವರಿನ ಮಾತನ್ನು ಯಾರೂ ಎತ್ತಲಿಲ್ಲ. ತಪ್ಪಾಯಿತು ಎನ್ನಬೇಕೆಂದು ಮಾವನಿಗೂ ಇತ್ತು. ಆದರೆ ನಾಲಿಗೆ ಹೊರಳಲಿಲ್ಲ, ಹಿರಿಯರ ನಾಲಿಗೆ ಆ ಒಂದು ಮಾತಿಗೆ ಹೊರಳುವುದು ಬಹಳ ಕಷ್ಟ. ಅದರ ಬದಲು ಅವನು ಜಗಲಿಯ ಮೇಲೆ ನಾಲ್ಕು ಜನರೆದುರು ಅವಳನ್ನು ಕರೆದು, "ನಮ್ಮ ಸೊಸೆ ಕಾಲ್ಗುಣ ಬಲು ದೊಡ್ಡದು ಕಣ್ರಯ್ಯ. ಅವಳು ಬಂದಳು, ಮನೆ ಹೊಗೆ ಹೋಯ್ತು" ಎಂದ. ನಾಲ್ಕೂ ಜನ ಹೌದೆಂದು ತಲೆಯಾಡಿಸಿದರು. ಅತ್ತೆ ಅವಳಿಗೆ ನೆಟಿಗೆ ಮುರಿದು ದೃಷ್ಟಿ ತೆಗೆದಳು. ಗಂಡ ಹೆಮ್ಮೆಯಿಂದ ನಕ್ಕ.

ಸೊಸೆ ನಗಲಿಲ್ಲ. "ಆ ಮಾತೂ ಬೇಡ ಮಾವ" ಎಂದಳು. "ಗಂಡಿ ಮುಚ್ಚಿಸಿದ್ದು ನೀವು, ತೆಗೆದದ್ದು ನಾನು. ನನ್ನ ಕಾಲು ಎರಡರಲ್ಲೂ ಇಲ್ಲ."

ಗುರುಗಳು ಕತೆ ಅಲ್ಲಿಗೆ ನಿಲ್ಲಿಸಿದರು.

ನಿರ್ವಾಣಯ್ಯನಿಗೆ ಕತೆ ಹಿಡಿಸಿತ್ತು. ಆದರೆ ಕೊನೆಯ ಮಾತು ಅವನಿಗೆ ಸರಿಬರಲಿಲ್ಲ.

"ತವರಿಗೆ ಹೋಗು ಎಂದಾಗ ಎದುರು ನಿಂತದ್ದು ಒಪ್ಪಬಹುದು ಬುದ್ಧಿ. ಆದರೆ ಹಿರಿಯರು ಮನಸಾರೆ ಹೊಗಳುವಾಗಲೂ ಬೇಡ ಎನ್ನುವುದು ಸೊಕ್ಕಲ್ಲವೇ? ಅಷ್ಟನ್ನಾದರೂ ಅವಳು ನಗುತ್ತ ಒಪ್ಪಿಕೊಳ್ಳಬಹುದಿತ್ತು."

ಗುರುಗಳು ಅವನ ಮುಖವನ್ನೇ ನೋಡುತ್ತ ಹೇಳಿದರು:

"ಹಸು ಕಂದು ಹಾಕಿದ ತಪ್ಪನ್ನು ನೀನು ಒಪ್ಪಿಕೊಂಡದ್ದು ಇಂದಲ್ಲ ನಿರ್ವಾಣಯ್ಯ, ನೀನು ಮಠಕ್ಕೆ ಬಂದ ದಿನ ಮಳೆ ಸುರಿದಾಗ ನಿನ್ನ ಕಾಲ್ಗುಣವೆಂದು ಇದೇ ಜನ ಕೊಂಡಾಡಿದರಲ್ಲ, ನೀನು ಕೈಮುಗಿದು ನಕ್ಕೆಯಲ್ಲ, ಅಂದು."