ಟಗರು ಮತ್ತು ಬೆಲ್ಲದ ನೀರು

ಬೇನೆಯಿಂದ ಸೊರಗಿದ್ದ ಟಗರಿನ ಬೆನ್ನು ಒತ್ತಿ ನೋಡಿದ ಕಟುಕ, "ಬರೀ ಎಲುಬು" ಎಂದು ಬಿಟ್ಟು ಹೋದ. ಮರುದಿನದಿಂದ ಒಡೆಯ ಮಾಳಪ್ಪ ಅದರ ತೊಗರಿ ಹೊಟ್ಟಿನ ಮೇಲೆ ಉಪ್ಪು ಬೆಲ್ಲ ಕದಡಿದ ನೀರು ಚಿಮುಕಿಸತೊಡಗಿದ. ಟಗರು ಗೋದಲಿಯ ತಳ ನೆಕ್ಕಿ, ಇನ್ನಷ್ಟು ಬೇಕೆಂದು ಒದರಿತು.

ಪಕ್ಕದ ಗೂಟದ ಮುದಿ ಕುರಿ ಕೇಳಿತು: "ಏನು ತಮ್ಮಾ, ಅಷ್ಟು ಹಸಿವೆಯೇ?"

"ಹಸಿವೆಯಲ್ಲ ಅಜ್ಜಿ, ರುಚಿ."

"ಬೆನ್ನು ಮತ್ತೆ ತುಂಬುತ್ತಿದೆ. ಅಂದು ನಿನ್ನ ಜೀವ ಉಳಿಸಿದ್ದು ಆ ಎಲುಬೇ."

"ಒಂದು ಬೊಗಸೆ ನೀರಿನಿಂದ ಎಷ್ಟು ಮೈ ಬಂದೀತು? ನಿನಗೆ ಹಲ್ಲಿಲ್ಲ, ಅದಕ್ಕೇ ಈ ಉಪದೇಶ."

"ನೀರಿನಿಂದ ಮೈ ಬರುವುದಿಲ್ಲ. ಅದರ ರುಚಿಗೆ ಒಳಗೆ ಹೋಗುವ ಹೊಟ್ಟಿನಿಂದ ಬರುತ್ತದೆ. ನೀನು ಮೊದಲು ಅರ್ಧ ಬಿಡುತ್ತಿದ್ದ ಹೊಟ್ಟೇ ಇದು. ಇದು ನಿನಗೆ ರುಚಿಸಲೆಂದು ಯಾರಿಗೆ ಇಷ್ಟು ಆಸೆ, ಯೋಚಿಸು."

"ತಿಂದಾದ ಮೇಲೆ ಯೋಚಿಸುತ್ತೇನೆ" ಎಂದಿತು ಟಗರು.

ಅಮಾವಾಸ್ಯೆ ಕಳೆದು ಕಟುಕ ಮತ್ತೆ ಬಂದ. ಬೆನ್ನು ಒತ್ತಿದ, ಎಲುಬು ಸಿಗಲಿಲ್ಲ. "ನಾಳೆ ಒಯ್ಯುತ್ತೇನೆ" ಎಂದ.

ಆ ಸಂಜೆ ಮಾಳಪ್ಪ ಟಗರಿನ ಮುಂದೆ ಒಣ ಹೊಟ್ಟು ಸುರಿದು, ಬೆಲ್ಲದ ನೀರಿನ ಚೊಂಬು ಹಿಡಿದು ಆಚೆ ಗೂಟದ ಸಣಕಲು ಮರಿಯ ಕಡೆಗೆ ನಡೆದ.