ಕಿಟಕಿಯ ಕಿನ್ನರಿ, ಹೊಸ್ತಿಲಿನ ಪಿಶಾಚಿ

"ಗುರುಗಳೇ, ಕತೆಗಳಲ್ಲಿ ಕಿನ್ನರಿಯೂ ಬರುತ್ತಾಳೆ, ರಕ್ತ ಕುಡಿಯುವ ಪಿಶಾಚಿಯೂ ಬರುತ್ತದೆ. ಇಬ್ಬರೂ ಮನುಷ್ಯರಲ್ಲ, ಇಬ್ಬರಿಗೂ ಸಾವಿಲ್ಲ. ಆದರೂ ಜನ ಒಬ್ಬಳಿಗೆ ಕೈಮುಗಿಯುತ್ತಾರೆ, ಇನ್ನೊಂದನ್ನು ಕಂಡರೆ ಕದ ಹಾಕುತ್ತಾರೆ. ಇವರಲ್ಲಿ ನಿಜವಾದ ಭೇದವೇನು?" ಎಂದು ಶಿಷ್ಯನೊಬ್ಬ ಕೇಳಿದ.

ಗುರುಗಳಿಗೆ ನಗು ಬಂತು. "ಪಾಠಕ್ಕೆ ಕೂತರೆ ತೂಕಡಿಸುವವನು ಪಿಶಾಚಿಯ ಮಾತು ಬಂದಾಗ ಕಣ್ಣರಳಿಸಿದ್ದೀಯ, ಇರಲಿ" ಎಂದು ಕತೆ ಹೇಳತೊಡಗಿದರು.

ಒಬ್ಬ ನೇಕಾರನಿದ್ದ. ಸಂಜೆ ಅವನು ಮಗ್ಗದ ಮುಂದೆ ಕೂತರೆ ಕಿಟಕಿಯಿಂದ ಕಿನ್ನರಿಯೊಬ್ಬಳು ಬರುತ್ತಿದ್ದಳು. ಅವಳಿಗೆ ಯಾರ ಅಪ್ಪಣೆಯೂ ಬೇಕಿರಲಿಲ್ಲ. ಅವಳು ಹಾಡಿದರೆ ತೊಟ್ಟಿಲಿನ ಮಗು ನಿದ್ದೆಹೋಗುತ್ತಿತ್ತು, ಲಾಳಿ ಹಗುರವಾಗಿ ಓಡುತ್ತಿತ್ತು. ಗಂಡ ಹೆಂಡತಿ ಸುಖವಾಗಿದ್ದರು.

ಅದೇ ಹೊತ್ತಿಗೆ ಹೊಸ್ತಿಲಿನಾಚೆ ಒಂದು ರಕ್ತಪಿಶಾಚಿ ಬಂದು ನಿಲ್ಲುತ್ತಿತ್ತು. ಅದಕ್ಕೆ ಆ ಎಳೆಮಗುವಿನ ರಕ್ತದ ಆಸೆ. ಆದರೆ ಮನೆಯವರು ಬಾ ಎನ್ನದೆ ಅದು ಒಳಗೆ ಕಾಲಿಡುವಂತಿರಲಿಲ್ಲ. ನೇಕಾರನಿಗೆ ಇದು ಗೊತ್ತಿತ್ತು. ಅವನು ಬಾಗಿಲ ಕಡೆ ತಿರುಗಿಯೂ ನೋಡುತ್ತಿರಲಿಲ್ಲ.

ದಿನವೂ ಹೇಳದೆ ಹಾರಿಹೋಗುತ್ತಿದ್ದ ಕಿನ್ನರಿ ಒಂದು ಸಂಜೆ, ಬರುತ್ತೇನೆ ಎಂದು ಹೇಳಿ ಹೊರಟು ನಿಂತಳು. ಹೊರಟವರಿಗೆ ಬರಿದೇ ಹೋಗು ಎನ್ನುವುದು ನಮ್ಮಲ್ಲಿ ಅಪಶಕುನ. ನೇಕಾರ ರೂಢಿಯಂತೆ, "ಹೋಗಿ ಬಾ ತಾಯಿ" ಎಂದ.

ಪಿಶಾಚಿಗೆ ಬಾ ಎಂದದ್ದಷ್ಟೇ ಬೇಕಿತ್ತು. ಹೊಸ್ತಿಲು ದಾಟಿ ನೇರ ತೊಟ್ಟಿಲಿನ ಕಡೆ ನಡೆಯಿತು. ಕಿನ್ನರಿ ಬೆದರಿ ಕಿಟಕಿಯಿಂದ ಹಾರಿಹೋದಳು. ನೇಕಾರ ಕೂಗಿಕೊಂಡ.

ಅವನ ಹೆಂಡತಿ ಒಲೆಯ ಮುಂದೆ ಮುದ್ದೆ ಕಟ್ಟುತ್ತಿದ್ದಳು. ಅವಳೂ ಬೆಚ್ಚಿ ತಿರುಗಿ ನೋಡಿದಳು. ಆದರೆ ಮನೆಗೆ ಬಂದವರನ್ನು ಕೇಳುವ ಮಾತೇ ಅವಳ ಬಾಯಿಗೆ ಬಂತು. "ಊಟ ಆಯ್ತಾ?" ಎಂದಳು.

ಪಿಶಾಚಿ ನಿಂತುಬಿಟ್ಟಿತು. ಅದನ್ನು ಕಂಡು ಕೂಗಿಕೊಂಡವರಿದ್ದರು, ಓಡಿದವರಿದ್ದರು, ಮಂತ್ರ ಹಾಕಿದವರಿದ್ದರು. ಈ ಮಾತು ಕೇಳಿದವರು ಯಾರೂ ಇರಲಿಲ್ಲ. ಇಲ್ಲ ಎಂದು ತಲೆಯಾಡಿಸಿತು. ಆಕೆ ತಟ್ಟೆಯಿಟ್ಟು ಮುದ್ದೆ, ಉಪ್ಪುಸಾರು ಬಡಿಸಿದಳು. ಅದು ತಲೆ ತಗ್ಗಿಸಿ ಉಂಡಿತು. ಉಪ್ಪುಂಡ ಮನೆಗೆ ಎರಡು ಬಗೆಯಬಾರದೆಂಬುದು ಪಿಶಾಚಿಗೂ ಗೊತ್ತು. ಕೈ ತೊಳೆದುಕೊಂಡು, ಮಗುವನ್ನು ಮುಟ್ಟದೆ ಹೊರಗೆ ಹೋಗಿ ಜಗಲಿಯಲ್ಲಿ ಕೂತಿತು. ಆಮೇಲೆ ಯಾವ ಕೇಡೂ ಆ ಮನೆಯ ಹತ್ತಿರ ಸುಳಿಯಲಿಲ್ಲ. ಜಗಲಿಯಲ್ಲಿ ಅಂಥ ಕಾವಲುಗಾರನಿದ್ದರೆ ಯಾರು ಬಂದಾರು?

ಶಿಷ್ಯನಿಗೆ ಸಮಾಧಾನವಾಯಿತು. "ಹಾಗಾದರೆ ನಂಬಬಾರದ್ದು ಕಿನ್ನರಿಯನ್ನೇ. ಅಷ್ಟು ದಿನ ಬಂದು ಹೋದವಳು, ಕಷ್ಟದ ಹೊತ್ತಿಗೆ ಕೈಬಿಟ್ಟಳು" ಎಂದ.

ಗುರುಗಳು ಹೇಳಿದರು: "ಅಷ್ಟು ದಿನ ಬಂದವಳನ್ನು, ಊಟ ಆಯಿತೇ ಎಂದು ಆ ಮನೆಯಲ್ಲಿ ಯಾರೂ ಕೇಳಿರಲಿಲ್ಲ."