ಬಾಣಂತಿಯ ಬಾಯಾರಿಕೆ

"ಗುರುಗಳೇ, ಹಿರಿಯರು ಹೇಳಿಹೋದ ಪಥ್ಯದಲ್ಲಿ ಯಾವುದನ್ನು ಉಳಿಸಿಕೊಳ್ಳಬೇಕು, ಯಾವುದನ್ನು ಬಿಡಬೇಕು?" ಎಂದು ಶಿಷ್ಯ ಕೇಳಿದ.

ಗುರುಗಳು ವೈದ್ಯರು. ಶಿಷ್ಯ ಎರಡು ವರ್ಷದಿಂದ ಅವರ ಬಳಿ ಇದ್ದು ರೋಗಿಗಳ ಆರೈಕೆ ಕಲಿಯುತ್ತಿದ್ದ. ಅವನು ಮುಂದುವರಿಸಿದ. "ನನ್ನನ್ನು ಬೆಳೆಸಿದವಳು ಅಜ್ಜಿ. ಇದನ್ನು ತಿಂದರೆ ಉಷ್ಣ, ಅದನ್ನು ತಿಂದರೆ ಶೀತ, ಇದರ ಮೇಲೆ ಅದು ಕುಡಿಯಬಾರದು, ಹೀಗೆ ನೂರು ಮಾತು ಹೇಳುತ್ತಿದ್ದಳು. ಈಗ ರೋಗಿಗಳನ್ನು ನೋಡುತ್ತಿದ್ದರೆ ಅದರಲ್ಲಿ ಕೆಲವು ನಿಜವಲ್ಲ ಅನ್ನಿಸುತ್ತದೆ. ಆದರೆ ಬಿಡಲು ಮನಸ್ಸು ಒಪ್ಪುವುದಿಲ್ಲ. ಅವಳ ಮಾತು ಬಿಟ್ಟರೆ ಅವಳನ್ನೇ ಬಿಟ್ಟ ಹಾಗೆ ಸಂಕಟವಾಗುತ್ತದೆ."

ಗುರುಗಳು ಕೈಯಲ್ಲಿದ್ದ ಕೆಲಸ ಬದಿಗಿಟ್ಟು ಈ ಕತೆ ಹೇಳಿದರು.

ಒಂದೂರಿನಲ್ಲಿ ಒಬ್ಬ ಸೂಲಗಿತ್ತಿ ಇದ್ದಳು. ಅವಳ ತಾಯಿಯೂ ಸೂಲಗಿತ್ತಿಯೇ. ಸುತ್ತಲಿನ ಏಳು ಹಳ್ಳಿಗಳಲ್ಲಿ ಆ ತಾಯಿ ಹಿಡಿಯದ ಕೂಸಿರಲಿಲ್ಲ. ಮಗಳು ಚಿಕ್ಕಂದಿನಿಂದ ತಾಯಿಯ ಸೆರಗು ಹಿಡಿದು ಮನೆಮನೆಗೆ ಹೋದಳು. ನೀರು ಕಾಯಿಸುವುದು, ಬಾಣಂತಿಗೆ ಎಣ್ಣೆ ತಿಕ್ಕುವುದು, ಕೂಸನ್ನು ಕಾಲ ಮೇಲೆ ಹಾಕಿಕೊಂಡು ಎರೆಯುವುದು, ಎಲ್ಲವನ್ನೂ ನೋಡಿ ನೋಡಿ ಕಲಿತಳು. ತಾಯಿ ಹೇಳಿದ್ದನ್ನು ಎದುರು ಪ್ರಶ್ನೆ ಹಾಕದೆ ನಡೆಸಿದಳು.

ತಾಯಿ ಹೇಳಿದ ಮಾತುಗಳಲ್ಲಿ ಒಂದು ಇದು: ಹೆತ್ತವಳಿಗೆ ಹನ್ನೊಂದು ದಿನ ನೀರು ಕೊಡಬಾರದು. ಕೊಟ್ಟರೆ ಹೊಟ್ಟೆ ಇಳಿಬೀಳುತ್ತದೆ, ಮೈಗೆ ನೀರು ಸೇರುತ್ತದೆ, ಕೂಸಿಗೆ ಶೀತವಾಗುತ್ತದೆ. ಅನ್ನದ ಜೊತೆಗಿನ ಸಾರಿನ ತೇವವೇ ಸಾಕು; ಗಂಟಲು ತೀರಾ ಒಣಗಿದರೆ ತುಟಿ ಒದ್ದೆ ಮಾಡಬೇಕು.

ತಾಯಿ ತೀರಿಕೊಂಡಳು. ಮಗಳು ಒಬ್ಬಳೇ ಹೆರಿಗೆಗೆ ಹೋಗತೊಡಗಿದಳು. ಬೆಳ್ಳುಳ್ಳಿ ಸುಡುವ ವಾಸನೆ ಬಂದರೆ, ಕೆಂಡದ ಮೇಲೆ ಲೋಬಾನದ ಹೊಗೆ ಎದ್ದರೆ, ಅವಳಿಗೆ ತಾಯಿ ಪಕ್ಕದಲ್ಲೇ ಕುಳಿತಂತೆ ಆಗುತ್ತಿತ್ತು. "ನೀರು ಬೇಡ ಮಗಳೇ, ಸ್ವಲ್ಪ ತಡೆದುಕೋ" ಎಂದು ಬಾಣಂತಿಗೆ ಹೇಳುವಾಗ ತನ್ನ ಬಾಯಿಂದ ಬರುವುದು ತಾಯಿಯ ದನಿಯೇ ಎಂದು ಅವಳಿಗೆ ಅನ್ನಿಸುತ್ತಿತ್ತು. ಆ ದನಿ ಕೇಳುವ ಆಸೆಗೇ ಕೆಲವೊಮ್ಮೆ ಎರಡು ಸಲ ಹೇಳುತ್ತಿದ್ದಳು.

ಒಂದು ಬೇಸಗೆಯಲ್ಲಿ ನೇಕಾರನ ಹೆಂಡತಿ ಹೆತ್ತಳು. ಚೊಚ್ಚಲು, ಗಂಡು ಕೂಸು. ಹೆರಿಗೆ ಸಲೀಸಾಗಿ ಆಯಿತು. ಮೂರನೆಯ ದಿನ ಬಾಣಂತಿ ನೀರು ಕೇಳಿದಳು. ಸೂಲಗಿತ್ತಿ ಒದ್ದೆ ಬಟ್ಟೆಯಿಂದ ತುಟಿ ಒರೆಸಿದಳು. ನಾಲ್ಕನೆಯ ದಿನ ಮತ್ತೆ ಕೇಳಿದಳು. ಐದನೆಯ ದಿನ ಜ್ವರ ಬಂತು. ಆಮೇಲೆ ಅವಳು ಬೇರೆ ಏನನ್ನೂ ಕೇಳಲಿಲ್ಲ. ಕೂಸು ಅತ್ತರೂ ತಿರುಗಿ ನೋಡದೆ ಮೂಲೆಯ ಕೊಡದ ಕಡೆಗೇ ನೋಡುತ್ತಿದ್ದಳು. ಸೂಲಗಿತ್ತಿ ಕೊಡವನ್ನು ಹೊರಗಿಡಿಸಿದಳು. ಎಂಟನೆಯ ದಿನ ಬಾಣಂತಿ ಸತ್ತಳು. ಕೂಸು ನೆರೆಯವಳೊಬ್ಬಳ ಹಾಲು ಕುಡಿದು ಉಳಿಯಿತು.

ಮಣ್ಣು ಮಾಡಿ ಬಂದ ಮೇಲೆ ಓಣಿಯ ಹೆಂಗಸರು ಸೂಲಗಿತ್ತಿಯನ್ನು ಸುತ್ತುವರಿದು ಹೀಗೇಕಾಯಿತು ಎಂದು ಕೇಳಿದರು. ಅವಳಿಗೂ ತಿಳಿದಿರಲಿಲ್ಲ. ಆದರೆ ತಿಳಿಯದು ಎಂದು ಹೇಳುವ ರೂಢಿ ಅವಳಿಗಿರಲಿಲ್ಲ. "ಯಾರೋ ಕದ್ದು ನೀರು ಕುಡಿಸಿದ್ದಾರೆ. ಇಲ್ಲದಿದ್ದರೆ ಹೀಗಾಗುತ್ತಿರಲಿಲ್ಲ" ಎಂದಳು. ಹೆಂಗಸರು ಹೌದೆಂದು ತಲೆದೂಗಿದರು. ಮಾತು ಅಲ್ಲಿಗೆ ಮುಗಿಯಿತು.

ವರ್ಷಗಳು ಕಳೆದವು. ಸೂಲಗಿತ್ತಿಯ ತಲೆ ನೆರೆಯಿತು. ಒಮ್ಮೆ ಕುಂಬಾರನ ಹೆಂಡತಿಗೆ ಅವಳೇ ಬಾಣಂತನ ಮಾಡಿದಳು. ಹನ್ನೊಂದನೆಯ ದಿನ ನೀರೆರೆಯಲು ಹೋದಾಗ ಬಾಣಂತಿಯ ಮುಖ ಕಳೆಕಳೆಯಾಗಿತ್ತು. ಕೂಸು ಹೊಟ್ಟೆ ತುಂಬ ಹಾಲು ಕುಡಿದು ನಿದ್ದೆಹೋಗಿತ್ತು. ಸೂಲಗಿತ್ತಿಗೆ ಹಿಗ್ಗಾಯಿತು.

"ನೋಡು, ನಮ್ಮ ಅವ್ವನ ಪಥ್ಯ ಸರಿಯಾಗಿ ನಡೆಸಿದೆ. ಅದಕ್ಕೇ ಇಷ್ಟು ಚೆನ್ನಾಗಿದ್ದೀಯ" ಎಂದಳು.

ಕುಂಬಾರಗಿತ್ತಿಗೆ ನಗು ತಡೆಯಲಾಗಲಿಲ್ಲ. "ಬೈಯಬೇಡ ಅವ್ವಾ. ಕುಂಬಾರರ ಮನೆಯಲ್ಲಿ ಗಡಿಗೆಗೇನು ಬರವೇ? ನೀನು ಆ ಕಡೆ ಹೋದ ಕೂಡಲೇ ನಾನು ಚೆಂಬು ಎತ್ತುತ್ತಿದ್ದೆ. ದಿನಕ್ಕೆ ನಾಲ್ಕೈದು ಚೆಂಬು ಕುಡಿದಿದ್ದೇನೆ."

ಸೂಲಗಿತ್ತಿ ಬೈದಳು. ಬೈಯುತ್ತಲೇ ಮನೆಗೆ ಬಂದಳು. ಬಂದವಳಿಗೆ ಊಟ ಸೇರಲಿಲ್ಲ. ಒಬ್ಬಳು ತಪ್ಪಿಸಿಕೊಂಡರೆ ಅದು ಅವಳ ಅದೃಷ್ಟ ಇರಬಹುದು ಎಂದುಕೊಂಡಳು. ಆದರೆ ಹಾಗೆಂದರೆ, ನೀರು ಕುಡಿಯದೆ ಚೆನ್ನಾಗಿದ್ದವರದೂ ಅದೃಷ್ಟವೇ ಇರಬಹುದಲ್ಲ ಎಂಬ ಮಾತು ಅದರ ಹಿಂದೆಯೇ ಬಂತು. ಇಷ್ಟು ವರ್ಷ ಅವಳು ಎಷ್ಟೋ ಹೆರಿಗೆ ಮಾಡಿಸಿದ್ದಳು. ಪಥ್ಯ ನಡೆಸಿದವರು ಯಾರು, ಮುರಿದವರು ಯಾರು, ಯಾರಿಗೆ ಏನಾಯಿತು ಎಂದು ಒಮ್ಮೆಯೂ ನೋಡಿರಲಿಲ್ಲ. ನೋಡಬೇಕೆಂದು ಹೊಳೆದೂ ಇರಲಿಲ್ಲ. ತಾಯಿ ನೋಡಿದ್ದಾಳೆ ಎಂದೇ ನಂಬಿದ್ದಳು.

ಅಂದಿನಿಂದ ಅವಳು ಒಂದು ಕೆಲಸ ಮಾಡಿದಳು. ಹನ್ನೊಂದನೆಯ ದಿನ ಬಾಣಂತಿಯನ್ನು ಒಬ್ಬಳನ್ನೇ ಕೂರಿಸಿಕೊಂಡು ಕೇಳುವಳು: "ನಿಜ ಹೇಳು ಮಗಳೇ, ನೀರು ಕುಡಿದೆಯಾ? ಆಣೆಗೂ ಬೈಯುವುದಿಲ್ಲ, ಯಾರಿಗೂ ಹೇಳುವುದಿಲ್ಲ." ಮನೆಗೆ ಬಂದು, ಕುಡಿದವಳಿಗೆ ಒಂದು ಗಡಿಗೆಯಲ್ಲಿ, ಕುಡಿಯದವಳಿಗೆ ಇನ್ನೊಂದು ಗಡಿಗೆಯಲ್ಲಿ ಹುಣಸೆ ಬೀಜ ಹಾಕುವಳು. ಬಾಣಂತನದಲ್ಲಿ ಜ್ವರ ಬಂದಿದ್ದರೆ, ಹಾಲು ಬತ್ತಿದ್ದರೆ, ಆ ಬೀಜದ ಒಂದು ಮಗ್ಗುಲನ್ನು ಕಲ್ಲಿಗೆ ಉಜ್ಜಿ ಬೆಳ್ಳಗೆ ಮಾಡಿ ಹಾಕುವಳು.

ಮೂರು ವರ್ಷ ಹೀಗೆ ನಡೆಯಿತು. ಒಂದು ದಿನ ಬಾಗಿಲು ಮುಂದೆ ಮಾಡಿ ಎರಡೂ ಗಡಿಗೆಗಳನ್ನು ನೆಲಕ್ಕೆ ಸುರಿದಳು. ನೀರು ಕುಡಿದವರು ನಲವತ್ತೊಂದು. ಅದರಲ್ಲಿ ಬಿಳಿ ಬೀಜ ನಾಲ್ಕು. ಕುಡಿಯದವರು ಮೂವತ್ತೆಂಟು. ಬಿಳಿ ಬೀಜ ಹದಿನೈದು.

ಅವಳು ಒಮ್ಮೆಗೇ ಒಪ್ಪಲಿಲ್ಲ. ನೀರು ಕುಡಿದವರು ಮೊದಲೇ ಉಂಡು ತಿಂದು ಗಟ್ಟಿಯಾಗಿದ್ದವರೇನೋ ಎಂದು ಒಬ್ಬೊಬ್ಬರನ್ನೂ ನೆನೆದಳು. ಹಾಗಿರಲಿಲ್ಲ. ಅನುಕೂಲಸ್ಥರ ಮನೆಯಲ್ಲಿ ಅತ್ತೆ, ಅಜ್ಜಿ, ಅತ್ತಿಗೆ ಎಲ್ಲರೂ ಕಾವಲಿದ್ದರು. ಅಂಟಿನುಂಡೆ, ತುಪ್ಪ, ಕೊಬ್ಬರಿ ಯಾವುದಕ್ಕೂ ಕೊರತೆಯಿರಲಿಲ್ಲ. ನೀರು ಮಾತ್ರ ಸಿಗುತ್ತಿರಲಿಲ್ಲ. ಕಾಯುವವರಿಲ್ಲದ ಬಡವರ ಮನೆಯ ಹೆಂಗಸರೇ ಎದ್ದು ನೀರು ಕುಡಿದಿದ್ದರು. ಇನ್ನು ಹೊಟ್ಟೆ ಇಳಿಬೀಳುವುದು ಕುಡಿದವರಲ್ಲೂ ಕುಡಿಯದವರಲ್ಲೂ ಒಂದೇ ಸಮನಾಗಿತ್ತು.

ಸೂಲಗಿತ್ತಿ ಬೀಜಗಳ ನಡುವೆ ಕುಳಿತು ಅತ್ತಳು. ತಾಯಿ ಸತ್ತ ದಿನ ಅತ್ತಿದ್ದಕ್ಕಿಂತ ಹೆಚ್ಚು ಅತ್ತಳು. ಅಂದು ತಾಯಿಯ ಮಾತಾದರೂ ಅವಳ ಬಳಿ ಉಳಿದಿತ್ತು.

ಮರುದಿನ ಅವಳು ತಾಯಿಯ ಉಳಿದ ಮಾತುಗಳನ್ನೂ ಒಂದೊಂದಾಗಿ ಎದುರಿಗಿಟ್ಟುಕೊಂಡಳು. ಬಾಣಂತಿಯನ್ನು ಮುಟ್ಟುವ ಮೊದಲು ಬಿಸಿನೀರಿನಲ್ಲಿ ಅಂಟುವಾಳ ಹಾಕಿ ಮೊಣಕೈವರೆಗೆ ತೊಳೆದುಕೊಳ್ಳಬೇಕು, ಹೊಕ್ಕುಳಬಳ್ಳಿ ಕೊಯ್ಯುವ ಕತ್ತಿಯನ್ನು ಕುದಿಸಬೇಕು ಎಂದು ತಾಯಿ ಹೇಳುತ್ತಿದ್ದಳು. ಕೆಟ್ಟ ಗಾಳಿ ಸೋಕದಿರಲೆಂದು ಅದು. ಗಾಳಿಯ ಮಾತು ಹೇಗಾದರೂ ಇರಲಿ. ಆಚೆ ಊರಿನ ಸೂಲಗಿತ್ತಿ ಕೈ ತೊಳೆಯುತ್ತಿರಲಿಲ್ಲ. ಅಲ್ಲಿ ಸತ್ತ ಬಾಣಂತಿಯರು, ಸತ್ತ ಕೂಸುಗಳು ಎಷ್ಟೆಂದು ಇವಳಿಗೆ ಗೊತ್ತಿತ್ತು. ತೊಳೆಯುವ, ಕುದಿಸುವ ಕಟ್ಟನ್ನು ಇನ್ನಷ್ಟು ಬಿಗಿ ಮಾಡಿದಳು. ದಿಂಬಿನ ಕೆಳಗೆ ಕಬ್ಬಿಣದ ತುಂಡು ಇಡಬೇಕೆಂದೂ ತಾಯಿ ಹೇಳಿದ್ದಳು. ಅದರಿಂದ ಒಳ್ಳೆಯದಾದದ್ದನ್ನೂ ಕಾಣಲಿಲ್ಲ, ಕೆಟ್ಟದ್ದಾದದ್ದನ್ನೂ ಕಾಣಲಿಲ್ಲ. ಅವ್ವನ ನೆನಪಿಗೆ ಇದೊಂದು ಇರಲಿ ಎಂದು ಇಟ್ಟುಕೊಂಡಳು. ನೀರಿನ ಕಟ್ಟನ್ನು ಮಾತ್ರ ಬಿಟ್ಟಳು.

ಹಿಂದಿನ ತಲೆಮಾರಿನವಳೊಬ್ಬಳು ಕೇಳಿ ಸಿಟ್ಟಿಗೆದ್ದಳು. "ಹಾಗಾದರೆ ನಿನ್ನವ್ವ ಊರಿಗೆಲ್ಲ ಸುಳ್ಳು ಹೇಳಿದಳೇನು?"

"ಇಲ್ಲ ಚಿಕ್ಕವ್ವಾ. ಅವಳು ತನ್ನ ಅವ್ವ ಹೇಳಿದ್ದನ್ನು ಹೇಳಿದಳು. ಅವಳಿಗೆ ಯಾವ ಕುಂಬಾರಗಿತ್ತಿಯೂ ನಿಜ ಹೇಳಲಿಲ್ಲ, ಅಷ್ಟೇ" ಎಂದಳು ಸೂಲಗಿತ್ತಿ. "ಹೇಳಿದ್ದರೆ ನನಗಿಂತ ಮೊದಲು ಅವಳೇ ನೀರು ಕೊಡುತ್ತಿದ್ದಳು. ಬಾಣಂತಿಯರ ಮೇಲೆ ನನ್ನವ್ವನಿಗಿದ್ದ ಅಂತಃಕರಣ ನನಗೆ ಗೊತ್ತಿಲ್ಲವೇ?"

ಹೀಗೆ ಹೇಳಿದ ಮೇಲೆ ಅವಳ ಮನಸ್ಸು ತಾಯಿಯ ವಿಷಯದಲ್ಲಿ ಹಗುರವಾಯಿತು. ಆದರೆ ಇನ್ನೊಂದು ಭಾರ ಇಳಿಯಲಿಲ್ಲ. ನೇಕಾರನ ಮನೆಯ ಮುಂದೆ ಹಾಯಬೇಕಾದಾಗ ಸುತ್ತು ಹಾಕಿ ಹೋಗತೊಡಗಿದಳು. ಹಲವು ದಿನ ಹೀಗೆ ಮಾಡಿ, ಕೊನೆಗೆ ಒಂದು ಮಧ್ಯಾಹ್ನ ನೆಟ್ಟಗೆ ಅವನ ಮನೆಗೇ ಹೋದಳು.

ನೇಕಾರ ಮಗ್ಗದಲ್ಲಿ ಕುಳಿತಿದ್ದ. ಹೆಂಡತಿ ಸತ್ತು ಹನ್ನೆರಡು ವರ್ಷವಾಗಿದ್ದರೂ ಅವನು ಮತ್ತೆ ಮದುವೆಯಾಗಿರಲಿಲ್ಲ. ಕೇಳಿದವರಿಗೆ ಕಾರಣ ಹೇಳುತ್ತಿರಲಿಲ್ಲ. ಸೂಲಗಿತ್ತಿಯನ್ನು ಕಂಡು ಲಾಳಿ ಕೆಳಗಿಟ್ಟ. ಅವಳು ಕೂರಲಿಲ್ಲ.

"ಒಂದು ಮಾತು ಹೇಳಲು ಬಂದೆ" ಎಂದಳು. "ನಿನ್ನ ಹೆಂಡತಿ ನೀರು ಕೇಳಿದಳು. ನಾನು ಕೊಡಲಿಲ್ಲ. ಕೊಡಬೇಕಾಗಿತ್ತು. ಕೊಟ್ಟಿದ್ದರೆ ಬದುಕುತ್ತಿದ್ದಳೋ ಇಲ್ಲವೋ, ಅದನ್ನು ನಾನು ಹೇಳಲಾರೆ. ಜ್ವರ ಬೇರೆ ಕಾರಣಕ್ಕೂ ಬಂದಿರಬಹುದು. ಆದರೆ ಬಾಯಾರಿದವಳ ಮುಂದಿನಿಂದ ಕೊಡ ತೆಗೆಸಿದವಳು ನಾನು. ಪಥ್ಯ ತಪ್ಪಾಗಿತ್ತು. ನನಗೆ ತಿಳಿದಿರಲಿಲ್ಲ."

ಅದಕ್ಕೆ ನೇಕಾರ ಕೇಳಿದ್ದು ಬೇರೆಯೇ.

"ನೀರಿನಿಂದ ಸಾಯುವುದಿಲ್ಲವೇ ಅವ್ವಾ?"

"ಇಲ್ಲ."

"ಸರಿಯಾಗಿ ನೋಡಿದ್ದೀಯಾ?"

"ಮೂರು ವರ್ಷ ನೋಡಿದ್ದೇನೆ. ಎಪ್ಪತ್ತೊಂಬತ್ತು ಬಾಣಂತಿಯರನ್ನು ಕೇಳಿದ್ದೇನೆ. ನೀರು ಕುಡಿದವರಿಗಿಂತ ಕುಡಿಯದವರೇ ಹೆಚ್ಚು ಕಾಯಿಲೆ ಬಿದ್ದಿದ್ದರು."

ನೇಕಾರ ತನ್ನ ಎರಡೂ ಕೈಗಳನ್ನು ನೋಡಿಕೊಂಡ. "ಆರನೆಯ ದಿನ ನೀನು ಊಟಕ್ಕೆ ಹೋಗಿದ್ದೆ. ಅವಳು ನನ್ನನ್ನು ಕರೆದಳು. ತಡೆಯಲಾಗಲಿಲ್ಲ. ಒಂದು ಬೊಗಸೆ ಕುಡಿಸಿದೆ. ಇನ್ನೊಂದು ಕೇಳಿದಳು. ಹೆದರಿ ಹೊರಗೆ ಬಂದೆ. ಅವಳು ಸತ್ತ ಮೇಲೆ ನೀನು ಓಣಿಯಲ್ಲಿ ನಿಂತು ಹೇಳಿದ್ದು ನನ್ನ ಕಿವಿಗೆ ಬಿತ್ತು. ಹನ್ನೆರಡು ವರ್ಷ, ಅವಳನ್ನು ಕೊಂದವನು ನಾನೇ ಎಂದುಕೊಂಡಿದ್ದೆ."

ಸೂಲಗಿತ್ತಿ ಅಲ್ಲೇ ನೆಲದ ಮೇಲೆ ಕುಳಿತಳು. ತಾನು ಅಂದು ಆಡಿದ ಮಾತಿಗೆ ಆಧಾರವಿರಲಿಲ್ಲ ಎಂದು ಅವಳಿಗೆ ಗೊತ್ತಿತ್ತು. ಅದು ಯಾರ ಎದೆಗೆ ನಾಟಿತ್ತು ಎಂದು ಗೊತ್ತಿರಲಿಲ್ಲ. ನೇಕಾರ ಮಗ್ಗದ ಮೇಲೆ ತಲೆಯಿಟ್ಟು ಅತ್ತ. ಅವನು ಅಳುವುದನ್ನು ಆ ಓಣಿಯವರು ಅದುವರೆಗೆ ಕೇಳಿರಲಿಲ್ಲ.

"ಅವಳು ಆ ಎಂಟು ದಿನದಲ್ಲಿ ಕಂಡ ಸುಖ ಅದೊಂದೇ ಬೊಗಸೆ" ಎಂದಳು ಸೂಲಗಿತ್ತಿ. ಅಷ್ಟು ಹೇಳಿ ಎದ್ದು ಬಂದಳು.

ಆಮೇಲೆಯೂ ಅವಳು ಬಹಳ ವರ್ಷ ಬದುಕಿದಳು. ಏಳು ಹಳ್ಳಿಗಳಲ್ಲಿ ಬಾಣಂತಿಯ ಕೋಣೆಗೆ ಕುದಿಸಿ ಆರಿಸಿದ ನೀರಿನ ಚೆಂಬು ಬಂತು. ಕಲಿಯಲು ಬಂದ ಹೆಣ್ಣುಮಕ್ಕಳಿಗೆ ಅವಳು ಈ ಕತೆಯನ್ನು ತಾನೇ ಹೇಳುತ್ತಿದ್ದಳು. ತನ್ನ ತಪ್ಪಿನ ಭಾಗ ಬಂದಾಗ ಬೇಗ ಹೇಳಿ ಮುಗಿಸುತ್ತಿರಲಿಲ್ಲ. "ನನ್ನ ಮಾತನ್ನೂ ಹಾಗೇ ನಂಬಬೇಡಿ. ಎದುರಿಗಿರುವವಳನ್ನು ನೋಡಿ, ಅವಳನ್ನು ಕೇಳಿ, ಲೆಕ್ಕ ಇಡಿ. ತಪ್ಪು ಕಂಡರೆ ನನ್ನ ಮಾತು ಬಿಡಿ, ನನ್ನನ್ನು ಬಿಡಬೇಡಿ" ಎನ್ನುತ್ತಿದ್ದಳು.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯನಿಗೆ ತನ್ನ ಪ್ರಶ್ನೆಗೆ ಉತ್ತರ ಸಿಕ್ಕಿತ್ತು. ಆದರೂ ಅವನ ಮನಸ್ಸು ನೇಕಾರನ ಮನೆಯಲ್ಲೇ ನಿಂತಿತ್ತು.

"ಗುರುಗಳೇ, ನೇಕಾರ ಆ ಸೂಲಗಿತ್ತಿಯನ್ನು ಕ್ಷಮಿಸಿದನೇ?" ಎಂದು ಕೇಳಿದ.

"ಗೊತ್ತಿಲ್ಲ. ನನ್ನ ಅಪ್ಪ ಅದನ್ನು ನನಗೆ ಎಂದೂ ಹೇಳಲಿಲ್ಲ" ಎಂದರು ಗುರುಗಳು.